ಓದಲು ಆಗದಿದ್ದಾಗ ಕೇಳಿಸಿಕೊಂಡ ಬೈಬಲ್: ಏಳು ತಿಂಗಳ ಬಳಕೆಯ ನಂತರ

ನನ್ನ ತಮ್ಮ ತೀರಿಕೊಂಡು ಏಳು ತಿಂಗಳಾಯಿತು. ಅವನಿಗೆ 34 ವರ್ಷ, ನನಗಿಂತ ಐದು ವರ್ಷ ಚಿಕ್ಕವನು. ಮಣ್ಣು ಮಾಡಿ ಬಂದ ಮೂರನೇ ರಾತ್ರಿ ನಾನು ಫೋನಿಗೆ ಕನ್ನಡ ಆಡಿಯೋ ಬೈಬಲ್ ಆಪ್ ಹಾಕಿಕೊಂಡೆ. ಓದೋಕೆ ಆಗುತ್ತಿರಲಿಲ್ಲ, ಅದೇ ಕಾರಣ. ಒಂದೇ ಸಾಲನ್ನು ಐದಾರು ಸಲ ನೋಡಿದರೂ ತಲೆಗೆ ಹೋಗುತ್ತಿರಲಿಲ್ಲ. ಕಣ್ಣು ಉರಿಯುತ್ತಿತ್ತು. ಕಿವಿ ಮಾತ್ರ ಕೆಲಸ ಮಾಡುತ್ತಿತ್ತು.

ಇಂಥ ಆಪ್‌ಗಳು ಹಲವು ಇವೆ. ನಾನು ಎರಡನ್ನು ಬಳಸಿದೆ. ಹೆಸರು ಬರೆಯುವುದಿಲ್ಲ, ಏಕೆಂದರೆ ಹೇಳಬೇಕಾಗಿರುವುದು ಹೆಚ್ಚುಕಡಿಮೆ ಎರಡಕ್ಕೂ ಒಂದೇ. ಮನೆಯಲ್ಲಿ ಸಾವಾಗಿರುವವರಿಗೆ ಇದರಿಂದ ಏನಾದರೂ ಆಸರೆ ಸಿಗುತ್ತದಾ? ಆ ಒಂದು ಪ್ರಶ್ನೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಸಣ್ಣಪುಟ್ಟ ವಿಷಯ. ಒಂದು ಆಪ್‌ನಲ್ಲಿ ಇಡೀ ಬೈಬಲನ್ನು ಒಬ್ಬರೇ ಓದಿದ್ದಾರೆ. ಇನ್ನೊಂದರಲ್ಲಿ ಹೊಸ ಒಡಂಬಡಿಕೆ (ಯೇಸುವಿನ ಕಾಲದಿಂದ ಮುಂದಿನ ಭಾಗ) ಮಾತ್ರ, ಅದನ್ನು ನಾಟಕದ ಥರ ಮಾಡಿದ್ದಾರೆ. ಬೇರೆ ಬೇರೆ ದನಿಗಳು, ಹಿಂದೆ ಸಂಗೀತ. ಎರಡರಲ್ಲೂ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ನಿದ್ದೆ ಬರದ ರಾತ್ರಿಗೆ ಟೈಮರ್ ಇದೆ, 15 ನಿಮಿಷ ಅಥವಾ 30 ನಿಮಿಷಕ್ಕೆ ತಾನೇ ನಿಲ್ಲುತ್ತದೆ. ನಾನು ಮೊದಲ ತಿಂಗಳು 30ಕ್ಕೆ ಇಟ್ಟು, ನಿಂತ ಮೇಲೆ ಮತ್ತೆ 30ಕ್ಕೆ ಇಡುತ್ತಿದ್ದೆ.

ಈಗ ಮುಖ್ಯವಾದದ್ದು. ಆ ದಿನಗಳಲ್ಲಿ ನನ್ನ ಫೋನಿಗೆ ಬೈಬಲ್ ವಚನಗಳ ಚಿತ್ರಗಳು ಬರುತ್ತಲೇ ಇದ್ದವು. ಹೂವಿನ ಹಿನ್ನೆಲೆ, ಮೇಲೆ ಒಂದು ಸಾಲು. ಕಳಿಸಿದವರೆಲ್ಲ ಪ್ರೀತಿಯಿಂದಲೇ ಕಳಿಸಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೆ ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎಂಬ ರೋಮಾಪುರದವರ ಪತ್ರದ 8:28 ಅನ್ನು ಒಂದೇ ವಾರದಲ್ಲಿ ಒಂಬತ್ತು ಜನ ಕಳಿಸಿದಾಗ ನನಗೆ ಫೋನನ್ನೇ ಎಸೆಯಬೇಕು ಅನ್ನಿಸಿತು. ನನ್ನ ತಮ್ಮ ಹೋಗಿದ್ದು ಯಾವ ಒಳ್ಳೆಯದಕ್ಕೆ?

ಆಮೇಲೆ ಒಂದು ರಾತ್ರಿ ಆ ಅಧ್ಯಾಯವನ್ನು ಪೂರ್ತಿ ಕೇಳಿದೆ. 28ನೇ ವಚನಕ್ಕೆ ಮುಂಚೆ ಎಷ್ಟು ನರಳಾಟ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಸೃಷ್ಟಿಯೆಲ್ಲ ಹೆರಿಗೆ ನೋವಿನಲ್ಲಿ ನರಳುತ್ತಿದೆ. ನಾವೂ ಒಳಗೊಳಗೇ ನರಳುತ್ತಿದ್ದೇವೆ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ. ಇದೆಲ್ಲ ಆದ ಮೇಲೆ ಆ ವಚನ ಬರುತ್ತದೆ. ಎಷ್ಟೋ ವಾರ ನಾನು ಪ್ರಾರ್ಥನೆಗೆ ಕೂತು ಒಂದು ಮಾತೂ ಬಾರದೆ ಎದ್ದಿದ್ದೆ. ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಆ ಪತ್ರ ಬರೆದ ಪೌಲನು ಮೊದಲೇ ಬರೆದಿಟ್ಟಿದ್ದಾನಲ್ಲ!

ಆಡಿಯೋದ ದೊಡ್ಡ ಗುಣ ಇದೇ. ಕೇಳುವಾಗ ನಮಗೆ ಬೇಕಾದ ಸಾಲಿಗೆ ಹಾರಲು ಆಗುವುದಿಲ್ಲ. ಅದರ ಹಿಂದಿನ ನೋವನ್ನು ದಾಟಿಕೊಂಡೇ ಆ ಸಾಲಿಗೆ ಬರಬೇಕು.

"ನಿಮ್ಮ ಹೃದಯ ಕಳವಳಗೊಳ್ಳದಿರಲಿ" ಎಂಬ, ಯೋಹಾನನ ಸುವಾರ್ತೆಯ 14ನೇ ಅಧ್ಯಾಯದ ಮಾತೂ ಹಾಗೆಯೇ. ಯೇಸು ಅದನ್ನು ಹೇಳಿದ್ದು ತಾನು ಸಾಯುವ ಹಿಂದಿನ ರಾತ್ರಿ. 11ನೇ ಅಧ್ಯಾಯದಿಂದ ಕೇಳುತ್ತಾ ಬನ್ನಿ. ಗೆಳೆಯ ಲಾಜರನ ಸಾವಿನಲ್ಲಿ ಅಳುತ್ತಿದ್ದವರನ್ನು ಕಂಡು ಅವನೇ ಕಳವಳಪಡುತ್ತಾನೆ. 12ರಲ್ಲಿ ಈಗ ನನ್ನ ಪ್ರಾಣ ಕಳವಳಗೊಂಡಿದೆ ಎನ್ನುತ್ತಾನೆ. 13ರಲ್ಲಿ ಮತ್ತೆ. ಗ್ರೀಕ್ ಮೂಲದಲ್ಲಿ ನಾಲ್ಕೂ ಕಡೆ ಅದೇ ಕ್ರಿಯಾಪದ. ಕಳವಳ ಏನೆಂದು ತಿಳಿಯದ ಯಾರೋ ದೂರದಲ್ಲಿ ನಿಂತು ಬುದ್ಧಿ ಹೇಳಿದ ಮಾತಾಗಿದ್ದರೆ ನನಗೆ ಬೇಡವಾಗಿತ್ತು.

ಯೋಹಾನ 11ನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇದಕ್ಕೆ ನಾಟಕದ ಥರ ಓದಿರುವ ಆಪ್ ಚೆನ್ನಾಗಿದೆ. ಲಾಜರ ಸತ್ತು ನಾಲ್ಕು ದಿನ. ಅವನ ಸಹೋದರಿ ಮಾರ್ಥಳು ಯೇಸುವಿನ ಹತ್ತಿರ ಬಂದು, ನೀನು ಇಲ್ಲಿ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆಮೇಲೆ ಇನ್ನೊಬ್ಬ ಸಹೋದರಿ ಮರಿಯಳು ಬಂದು ಕಾಲಿಗೆ ಬಿದ್ದು ಅದೇ ಮಾತು ಹೇಳುತ್ತಾಳೆ. ಪುಸ್ತಕದಲ್ಲಿ ಓದುವಾಗ ಎರಡು ಒಂದೇ ಥರ ಕಾಣುತ್ತವೆ. ಇಲ್ಲಿ ಎರಡು ದನಿ. ಮಾರ್ಥಳದ್ದು ಗಟ್ಟಿ, ಸ್ವಲ್ಪ ಸಿಟ್ಟು. ಮರಿಯಳದ್ದು ಮಾತಿನ ಮಧ್ಯದಲ್ಲೇ ಒಡೆದುಹೋಗುತ್ತದೆ. ಆ ಮನೆಯಲ್ಲೂ ನಾಲ್ಕು ದಿನ ಅದೇ ಮಾತು ಓಡಾಡಿರಬೇಕು. ನಮ್ಮ ಮನೆಯಲ್ಲೂ ಅಷ್ಟೇ ಅಲ್ವಾ? ಇನ್ನೊಂದು ಗಂಟೆ ಮುಂಚೆ ಕರೆದುಕೊಂಡು ಹೋಗಿದ್ದರೆ, ಹಿಂದಿನ ದಿನವೇ ನೋಡಿಸಿದ್ದರೆ.

ಮಾರ್ಥಳಿಗೆ ಯೇಸು ಉತ್ತರ ಕೊಡುತ್ತಾನೆ, ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎಂದು. ಮರಿಯಳಿಗೆ ಆ ಉತ್ತರವನ್ನೂ ಕೊಡುವುದಿಲ್ಲ. ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿ, ಅಳುತ್ತಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಅಳುತ್ತಾನೆ. "ವಿಶ್ವಾಸಿ ಆದವಳು ಇಷ್ಟು ಅಳಬಾರದು" ಎಂದು ನನಗೆ ಹೇಳಿದವರಿದ್ದಾರೆ. ಅವರು ಥೆಸಲೋನಿಕದವರ ಮೊದಲ ಪತ್ರದ 4:13 ಹೇಳುತ್ತಾರೆ. ಅದನ್ನೂ ನಿಧಾನವಾಗಿ ಕೇಳಿದೆ. ದುಃಖಿಸಬೇಡಿ ಎಂದು ಅಲ್ಲಿ ಮಾತು ಮುಗಿಯುವುದಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎನ್ನುತ್ತದೆ. ಅಳುವುದಕ್ಕೆ ಜಾಗ ಇದೆ.

ಇನ್ನು ಕೆಲವರು, ದೇವರಿಗೆ ಅವನು ಬೇಕಾಗಿದ್ದ, ಕರೆದುಕೊಂಡ ಎಂದರು. ಕೊರಿಂಥದವರ ಮೊದಲ ಪತ್ರದ 15ನೇ ಅಧ್ಯಾಯ ಸಾವನ್ನು ಕೊನೆಯ ಶತ್ರು ಎಂದು ಕರೆಯುತ್ತದೆ. ಶತ್ರು ಎಂಬ ಆ ಪದ ಕೇಳಿ ನನಗೆ ಎಷ್ಟು ಹಗುರವಾಯಿತು ಎಂದರೆ, ಎದ್ದು ಕೂತು ದೀಪ ಹಾಕಿದೆ. ನನ್ನ ತಮ್ಮನಿಗೆ ಆದದ್ದನ್ನು ನಾನು ಒಳ್ಳೆಯದು ಎಂದು ಕರೆಯಬೇಕಾಗಿಲ್ಲ. ಆ ಶತ್ರು ಸೋಲುತ್ತಾನೆ ಎಂಬುದೇ ಆ ಅಧ್ಯಾಯದ ಮಾತು.

ಕೀರ್ತನೆಗಳಿಗೆ, ಅಂದರೆ ಬೈಬಲಿನ ಪ್ರಾರ್ಥನೆಯ ಹಾಡುಗಳಿಗೆ, ಒಬ್ಬರೇ ಓದಿರುವ ಆಪ್ ಒಳ್ಳೆಯದು. ಅಲ್ಲಿ ಸಂಗೀತ ಇಲ್ಲ. 23ನೇ ಕೀರ್ತನೆ ಬಾಲ್ಯದಿಂದ ಬಾಯಿಪಾಠ. ಆದರೂ ಒಂದು ವಿಷಯ ಕಿವಿಯಿಂದಲೇ ಗೊತ್ತಾಯಿತು. ಹಸಿರುಗಾವಲಿನಲ್ಲಿ ಇರುವವರೆಗೂ ದೇವರು "ಆತನು". ಕತ್ತಲ ಕಣಿವೆಗೆ ಇಳಿದ ಕೂಡಲೇ "ನೀನು" ಆಗುತ್ತಾನೆ. ನೀನು ನನ್ನ ಸಂಗಡ ಇದ್ದೀ. ಓದಿದವರು ಅಲ್ಲಿ ಒಂದು ಉಸಿರು ತೆಗೆದುಕೊಂಡಿದ್ದಾರೆ. ಬೇಕೆಂದೇ ಮಾಡಿದರೋ ತಾನಾಗಿ ಆಯಿತೋ, ಅವರಿಗೆ ನನ್ನ ವಂದನೆ.

ಕೊರತೆಗಳೂ ಇವೆ. ಅಧ್ಯಾಯ ಮುಗಿದ ಎರಡು ಸೆಕೆಂಡಿಗೆ ಮುಂದಿನದು ಶುರುವಾಗುತ್ತದೆ. 88ನೇ ಕೀರ್ತನೆಯಲ್ಲಿ ಇದು ನನಗೆ ತುಂಬಾ ನೋವು ಕೊಟ್ಟಿತು. ಅದರಲ್ಲಿ ಎಲ್ಲೂ ಬೆಳಕಿಲ್ಲ, ಇಬ್ರಿಯ ಮೂಲದಲ್ಲಿ ಅದರ ಕೊನೆಯ ಪದವೇ ಕತ್ತಲೆ. ಹಾಗೆ ಮುಗಿಯುವ ಪ್ರಾರ್ಥನೆಯೂ ಬೈಬಲಿನಲ್ಲಿ ಇದೆಯಲ್ಲ ಎಂದು ನಾನು ಸುಮ್ನೆ ಕೂತಿರಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ 89 ಬಂದು ಹಾಡಲು ಶುರು ಮಾಡಿತು. ಒಂದು ಅಧ್ಯಾಯಕ್ಕೇ ನಿಲ್ಲಿಸುವ ಬಟನ್ ಸೆಟ್ಟಿಂಗ್ಸ್‌ನ ಆಳದಲ್ಲಿದೆ, ಮೊದಲೇ ಹುಡುಕಿ ಹಾಕಿಕೊಳ್ಳಿ.

ಇನ್ನೊಂದು, "ನೀವು 9 ದಿನ ತಪ್ಪಿಸಿದ್ದೀರಿ" ಎಂಬ ಸೂಚನೆ. ಮಧ್ಯದಲ್ಲಿ ಕೆಲವು ದಿನ ನನಗೆ ದೇವರ ವಾಕ್ಯ ಕೇಳೋಕೂ ಮನಸ್ಸಿರಲಿಲ್ಲ. ಆಗ ಅದು ಬಂತು. ದುಃಖದಲ್ಲಿರುವವರಿಗೆ ಹಾಜರಿ ತೆಗೆಯಬಾರದು. ನೋಟಿಫಿಕೇಶನ್ ಪೂರ್ತಿ ಆಫ್ ಮಾಡಿ. ನಾಟಕದ ಆಪ್‌ನಲ್ಲಿ ಸಂಗೀತ ಜಾಸ್ತಿ, ಕೆಲವು ಕಡೆ ಮಾತೇ ಕೇಳುವುದಿಲ್ಲ, ಅದನ್ನು ಕಡಿಮೆ ಮಾಡುವ ದಾರಿಯೂ ಇಲ್ಲ.

ಅನುವಾದ ಆರಿಸುವಾಗ, ಮನೆಯಲ್ಲಿ ಹಿರಿಯರಿದ್ದರೆ ಹಳೆಯದನ್ನೇ ಹಾಕಿ. ನಮ್ಮ ಅಮ್ಮನಿಗೆ ಸರಳ ಅನುವಾದ ಹಾಕಿದರೆ ಸುಮ್ಮನೆ ಕೇಳುತ್ತಾರೆ. ಹಳೆಯದು ಹಾಕಿದರೆ ತುಟಿ ಜೊತೆಗೇ ಅಲುಗುತ್ತದೆ. ಮಗ ಹೋದ ಮೇಲೆ ಅಮ್ಮ ಪ್ರಾರ್ಥನೆಯಲ್ಲಿ ಬಾಯಿ ಬಿಟ್ಟಿದ್ದು ಹಾಗೆಯೇ, ಈ ಆಪ್ ಜೊತೆ. ಈ ಒಂದಕ್ಕೇ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ.

ಈಗ ರಾತ್ರಿ ಊಟವಾದ ಮೇಲೆ ಇಬ್ಬರೂ ಸ್ಪೀಕರ್‌ನಲ್ಲಿ ಕೇಳುತ್ತೇವೆ. ಅಮ್ಮ ಮತ್ತೆ ಮತ್ತೆ ಕೇಳುವುದು ಯೋಹಾನ 20. ಮಗ್ದಲದ ಮರಿಯಳು ಸಮಾಧಿಯ ಹತ್ತಿರ ಅಳುತ್ತಾ ನಿಂತಿರುತ್ತಾಳೆ. ಯೇಸು ಎದುರಿಗೇ ಇದ್ದರೂ ತೋಟಗಾರ ಅಂದುಕೊಳ್ಳುತ್ತಾಳೆ. ಅವನು ಅವಳ ಹೆಸರು ಹಿಡಿದು ಕರೆಯುತ್ತಾನೆ, ಅಷ್ಟೇ. ಆಗ ಗುರುತು ಸಿಗುತ್ತದೆ. ಅಮ್ಮ ಅಲ್ಲಿಗೆ ನಿಲ್ಲಿಸು ಎನ್ನುತ್ತಾರೆ, ನಾನು ನಿಲ್ಲಿಸುತ್ತೇನೆ. ನನ್ನನ್ನು "ಅಕ್ಕಾ" ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಅಮ್ಮನಿಗೆ ಅದನ್ನು ಇನ್ನೂ ಹೇಳಿಲ್ಲ, ಅವರಿಗೆ ಗೊತ್ತಿರುತ್ತದೆ. ಸ್ವಲ್ಪ ಹೊತ್ತು ಹಾಗೇ ಕೂತಿರುತ್ತೇವೆ.