ಎಚ್ಚರಿಕೆ: ಮನೆಗೆಲಸಕ್ಕೆಂದು ವಿಸಿಟ್ ವೀಸಾದಲ್ಲಿ ಕೊಲ್ಲಿಗೆ ಹೊರಡಬೇಡಿ

ಒಮಾನಿನಲ್ಲಿ ಹನ್ನೊಂದು ತಿಂಗಳು ಮನೆಗೆಲಸ ಮಾಡಿ ಬರಿಗೈಯಲ್ಲಿ ಹಿಂದಿರುಗಿದವಳು ನಾನು. ಕೊಲ್ಲಿಗೆ ಹೋದವರೆಲ್ಲರ ಗತಿಯೂ ಇದೇ ಎಂದು ಹೇಳುತ್ತಿಲ್ಲ; ಒಳ್ಳೆಯ ಮನೆ ಸಿಕ್ಕಿ, ದುಡಿದ ಹಣದಲ್ಲಿ ಮಕ್ಕಳನ್ನು ಓದಿಸಿದ ಹೆಂಗಸರನ್ನೂ ಅಲ್ಲಿ ಕಂಡಿದ್ದೇನೆ. ನಾನು ಹೋದ ದಾರಿಯಲ್ಲಿ ಇನ್ನೊಬ್ಬರು ಹೋಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಕಳುಹಿಸಿದ ಮಧ್ಯವರ್ತಿ ಟಿಕೆಟ್ಟಿಗಾಗಲಿ ವೀಸಾಕ್ಕಾಗಲಿ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಅದನ್ನು ಅದೃಷ್ಟವೆಂದೇ ತಿಳಿದಿದ್ದೆ. ಆಗ ನನಗೆ 27 ವರ್ಷ, ಹತ್ತನೆಯ ತರಗತಿ ಪಾಸಾಗಿರಲಿಲ್ಲ. ಅಂಥವರದು ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ, ಪಾಸ್‌ಪೋರ್ಟ್ ಆಗಿರುತ್ತದೆ, ಕೊಲ್ಲಿಯ ಆರು ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು, ಮನೆಗೆಲಸಕ್ಕಾದರೆ ಹೆಣ್ಣುಮಕ್ಕಳಿಗೆ 30 ವರ್ಷ ತುಂಬಿರಬೇಕು, ಅದೂ ಸರ್ಕಾರ ಗೊತ್ತುಪಡಿಸಿದ ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು ಎಂಬುದೆಲ್ಲ ನನಗೆ ತಿಳಿದದ್ದು ಹಿಂದಿರುಗಿದ ಮೇಲೆ. ಅವನಿಗೆ ಮೊದಲೇ ಗೊತ್ತಿತ್ತು. ಆದ್ದರಿಂದಲೇ ದುಬೈಗೆ ವಿಸಿಟ್ ವೀಸಾ ಮಾಡಿಸಿ, ಹೋಗಿಬರುವ ಟಿಕೆಟ್ ಕೈಗಿಟ್ಟು, ಇಮಿಗ್ರೇಷನ್ ಕೌಂಟರಿನಲ್ಲಿ ಕೇಳಿದರೆ ದೊಡ್ಡಮ್ಮನ ಮಗಳ ಮನೆಗೆ ಹದಿನೈದು ದಿನದ ಮಟ್ಟಿಗೆ ಹೋಗುತ್ತಿದ್ದೇನೆ ಎನ್ನಬೇಕೆಂದು ಬಾಯಿಪಾಠ ಮಾಡಿಸಿದ. ಇಲ್ಲದ ಆ ಅಕ್ಕನಿಗೆ ಹೆಸರನ್ನೂ ಅವನೇ ಇಟ್ಟಿದ್ದ.

ನಾನು ತಡವರಿಸದೆ ಹಾಗೆಯೇ ಹೇಳಿದೆ. ಅಲ್ಲಿಗೆ ಸರ್ಕಾರದ ಲೆಕ್ಕದಲ್ಲಿ ನಾನು ಕೆಲಸಗಾರ್ತಿಯೇ ಅಲ್ಲವೆಂದಾಯಿತು: ವಿದೇಶಕ್ಕೆ ಕೆಲಸಕ್ಕೆ ಹೋಗುವವರನ್ನು ದಾಖಲಿಸುವ ಸರ್ಕಾರಿ ಜಾಲತಾಣ ಇ-ಮೈಗ್ರೇಟ್‌ನಲ್ಲಿ ನನ್ನ ಹೆಸರಿಲ್ಲ, ದಾಖಲಾದ ಕರಾರಿಲ್ಲ, ಅನುಮತಿ ಪಡೆದು ಹೋಗುವವರಿಗೆ ಇರುವ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಇಲ್ಲ.

ದುಬೈಯಿಂದ ರಸ್ತೆಯ ಮೂಲಕ ಒಮಾನಿಗೆ ಸಾಗಿಸಿದರು. ಅಲ್ಲಿನ ಏಜೆನ್ಸಿಯ ಕಚೇರಿಯಲ್ಲಿ ಆರು ಮಂದಿ ಹೆಂಗಸರನ್ನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದ್ದರು. ಮಧ್ಯಾಹ್ನ ಬಂದ ಯಜಮಾನಿ ನನ್ನ ಎರಡೂ ಕೈಗಳನ್ನು ಮಗುಚಿ ಅಂಗೈ ನೋಡಿ, ಏನನ್ನೂ ಕೇಳದೆ ಮೇಜಿನ ಕಡೆಗೆ ತಿರುಗಿದಳು. ನನ್ನ ಪಾಸ್‌ಪೋರ್ಟ್ ಆಕೆಯ ಕೈಚೀಲ ಸೇರಿತು. ಮನೆಗೆಲಸದವರು ತಮ್ಮ ಪ್ರಯಾಣದ ದಾಖಲೆಗಳನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ 189ನೇ ಒಡಂಬಡಿಕೆ ಹೇಳುತ್ತದೆಯಂತೆ. ಆ ಮೇಜಿನ ಮುಂದೆ ನಿಂತವಳಿಗೆ ಅದು ಗೊತ್ತಿದ್ದರೂ ಏನು ಮಾಡುವುದಿತ್ತೋ ಕಾಣೆ. ಅರಬ್ಬಿಯಲ್ಲಿದ್ದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಇಲ್ಲಿ ಹೇಳಿದ್ದು ತಿಂಗಳಿಗೆ 120 ರಿಯಾಲ್, ಅದರಲ್ಲಿ ಬರೆದಿದ್ದದ್ದು 70.

ಬೆಳಗಿನ ಐದರಿಂದ ನಡುರಾತ್ರಿಯವರೆಗೆ ಕೆಲಸ, ಶುಕ್ರವಾರ ಮಾತ್ರ ಇಪ್ಪತ್ತು ನಿಮಿಷ ಫೋನು. ನಾಲ್ಕನೆಯ ತಿಂಗಳಿನಿಂದ ಸಂಬಳ ನಿಂತಿತು. ಊರಿಗೆ ಕಳುಹಿಸಿ ಎಂದು ಅಂಗಲಾಚಿದಾಗ, ನಿನ್ನನ್ನು ಕರೆಸಲು 1,200 ರಿಯಾಲ್ ಕೊಟ್ಟಿದ್ದೇವೆ, ಅದನ್ನು ಕೊಟ್ಟು ಹೊರಡು ಎಂದರು. ಮಧ್ಯವರ್ತಿ ನನ್ನಿಂದ ಏಕೆ ದುಡ್ಡು ಕೇಳಿರಲಿಲ್ಲವೆಂಬುದು ಆಗ ಅರ್ಥವಾಯಿತು. ಹೇಳದೆ ಹೊರಬಿದ್ದರೆ ಕೆಲಸದವಳು ಓಡಿಹೋಗಿದ್ದಾಳೆ ಎಂದು ಯಜಮಾನರು ದೂರು ಕೊಡಬಹುದು. ಕಫಾಲಾ ಎಂಬ ಅಲ್ಲಿನ ಪ್ರಾಯೋಜಕತ್ವದ ಪದ್ಧತಿಯಲ್ಲಿ ವೀಸಾ ಅವರ ಹೆಸರಿಗೇ ಅಂಟಿಕೊಂಡಿರುವುದರಿಂದ ಸಂಬಳ ಸಿಗದವಳೇ ತಪ್ಪಿತಸ್ಥಳಾಗುತ್ತಾಳೆ.

ನಾನು ಪಾರಾದದ್ದು ಒಂದು ಫೋಟೋದಿಂದ. ಹೊರಡುವ ಹಿಂದಿನ ರಾತ್ರಿ ತಂಗಿ ಸುಮ್ಮನೆ ನನ್ನ ಪಾಸ್‌ಪೋರ್ಟಿನ ಮೊದಲ ಪುಟವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದಳು. ಅದನ್ನಿಟ್ಟುಕೊಂಡು ಅವಳು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಸಲ್ಲಿಸಿದಳು. ಆಮೇಲೆ ಮಸ್ಕತ್‌ನ ರಾಯಭಾರ ಕಚೇರಿಯಿಂದ ಆ ಮನೆಗೆ ಕರೆ ಹೋಯಿತು. ಆದರೂ ಬಿಡುಗಡೆಗೆ ಎರಡು ತಿಂಗಳು ಹಿಡಿಯಿತು, ಬಾಕಿ ಸಂಬಳವಂತೂ ಬರಲೇ ಇಲ್ಲ.

ನಿಮ್ಮ ಕೈಗೆ ಬಂದ ವೀಸಾದ ಮೇಲೆ ವಿಸಿಟ್ ಅಥವಾ ಟೂರಿಸ್ಟ್ ಎಂದಿದ್ದು, ಅಲ್ಲಿಗೆ ಹೋದ ಮೇಲೆ ಬದಲಾಯಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ಹತ್ತಿರದವರಾಗಿದ್ದರೂ ಅಲ್ಲಿಗೇ ಮಾತು ನಿಲ್ಲಿಸಿ. ಏಜೆಂಟನಿಗೆ ಪರವಾನಗಿ ಇದೆಯೇ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಅವನ ಕೈಕೆಳಗೆ ಊರೂರು ಸುತ್ತುವ ಉಪ ಏಜೆಂಟನ ಹೆಸರು ಅಲ್ಲಿರುವುದಿಲ್ಲ. ಮನೆಯವರು ಯಾರಾದರೂ ಈಗಾಗಲೇ ಹೀಗೆ ಹೋಗಿದ್ದರೆ, ಮುಂದಿನ ಬಾರಿ ಫೋನು ಬಂದಾಗ ಕ್ಷೇಮ ಸಮಾಚಾರಕ್ಕೂ ಮೊದಲು ಪಾಸ್‌ಪೋರ್ಟ್ ಸಂಖ್ಯೆ, ಯಜಮಾನರ ಹೆಸರು ಮತ್ತು ಮನೆಯ ಲೊಕೇಶನ್ ಕೇಳಿ ಬರೆದಿಟ್ಟುಕೊಳ್ಳಿ.