ಹಳ್ಳಿ ಮನೆಗೆ ‘ಆಂಟೆನಾ ವೈಫೈ’ ಹಾಕಿಸುವ ಮುನ್ನ ದಯವಿಟ್ಟು ಇದನ್ನು ಓದಿ

ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಿಗೆ ಬಂದು, ಮಾಡಿನ ಮೇಲೆ ಆಂಟೆನಾ ನಿಲ್ಲಿಸಿ ಮನೆಯೊಳಗೆಲ್ಲ ವೈಫೈ ಬರುವಂತೆ ಮಾಡಿಕೊಡುತ್ತೇವೆ ಎಂದು ಹಣ ಪಡೆಯುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವವರೂ ಇರಬಹುದು. ನಮ್ಮ ಮನೆಗೆ ಬಂದವನು ಅಂಥವನಲ್ಲ. ಅವನು 14,500 ರೂಪಾಯಿ ತೆಗೆದುಕೊಂಡು, ಕೆಲಸಕ್ಕೆ ಬಾರದ ಒಂದು ಪೆಟ್ಟಿಗೆಯನ್ನೂ ಎಲ್ಲಿಗೂ ಸೇರದ ಒಂದು ವೈರನ್ನೂ ಬಿಟ್ಟುಹೋಗಿದ್ದಾನೆ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೆ ನಾಚಿಕೆಯಿದೆ. ಆದರೆ ಅವನು ನಮ್ಮ ಪಂಚಾಯಿತಿಯ ಮನೆಗಳಿಗೇ ಇನ್ನೂ ಹೋಗುತ್ತಿದ್ದಾನೆಂದು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ಮಲೆನಾಡಿನ ತೋಟದ ಮನೆಗಳ ಕಷ್ಟವನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ನೀರಿರುವ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ, ಮೂರು ಕಡೆ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಸಿಗ್ನಲ್ ಇರುತ್ತದೆ, ಅಂಗಳದಲ್ಲಿ ಇರುವುದಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದರೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೆಲ್ಲ ನೋಡಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದೇ ಕಥೆ ಇವತ್ತಿಗೂ ನಡೆದಿದೆ. ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡವರ ಬಗ್ಗೆ ನಾನು ಬರೆಯುತ್ತಿರುವುದು.

ಬಾಣಂತನಕ್ಕೆಂದು ತವರಿಗೆ ಬಂದಿದ್ದ ನನ್ನ ಮಗಳು, ರಜೆ ಮುಗಿದ ಮೇಲೂ ಕೆಲವು ತಿಂಗಳು ಇಲ್ಲಿಂದಲೇ ಕೆಲಸ ಮಾಡಲು ಬೆಂಗಳೂರಿನ ತನ್ನ ಕಂಪನಿಯ ಒಪ್ಪಿಗೆ ಪಡೆದಿದ್ದಳು. ಕಿಟಕಿಯ ಸರಳಿಗೆ ಮೊಬೈಲ್ ಕಟ್ಟಿ, ಹಾಟ್‌ಸ್ಪಾಟ್ ಹಾಕಿ, ಅದರಿಂದ ಲ್ಯಾಪ್‌ಟಾಪಿಗೆ ನೆಟ್ ತೆಗೆದುಕೊಳ್ಳುತ್ತಿದ್ದಳು. ಮೇಲಧಿಕಾರಿಗಳೊಡನೆ ಮಾತನಾಡುತ್ತಿರುವಾಗಲೇ ಕಡಿದುಹೋಗುತ್ತಿತ್ತು. ಫೈಬರ್ ಎಳೆಸೋಣವೆಂದರೆ ಮುಖ್ಯರಸ್ತೆಯಿಂದ ಮನೆಯವರೆಗಿನ ಕಂಬಗಳ ಖರ್ಚನ್ನೆಲ್ಲ ನೀವೇ ಕೊಡಬೇಕು ಎಂದರು. ಆಗ ಪರಿಚಯದವರೊಬ್ಬರು ಈ ವ್ಯಕ್ತಿಯ ನಂಬರ್ ಕೊಟ್ಟರು.

ಅವನು ಒಬ್ಬ ಸಹಾಯಕನ ಜೊತೆ ಬಂದ. ಮಾತು ಬಹಳ ಚೆನ್ನಾಗಿತ್ತು. ‘ಅಣ್ಣಾ, ನಿಮ್ಮ ಮಗಳು ಬೇರೆ ಅಲ್ಲ, ನನ್ನ ತಂಗಿ ಬೇರೆ ಅಲ್ಲ. ಪಾಪ, ಮಗು ಇಟ್ಟುಕೊಂಡು ಎಷ್ಟು ಒದ್ದಾಡ್ತಾರೆ’ ಎಂದ. ಜಗಲಿಯ ಮೇಲೆ ಸಿಮ್ ಹಾಕುವ ಒಂದು ರೂಟರ್ ಇಟ್ಟ. ಸಹಾಯಕ ಏಣಿ ಹಾಕಿ ಮಾಡು ಹತ್ತಿ, ಹಲಗೆಯಂಥ ಒಂದು ಆಂಟೆನಾ ಹಿಡಿದು ಕೋಳಿನ ಬಳಿ ಕುಳಿತ. ಆಂಟೆನಾದಿಂದ ಇಳಿದು ಬಂದ ಕರಿ ವೈರನ್ನು ಇವನು ರೂಟರಿನ ಹಿಂಬದಿಗೆ ತಿರುಪಿದ. ನನ್ನ ಮೊಬೈಲನ್ನೇ ಕೇಳಿ ಪಡೆದು, ವೈಫೈ ಪಾಸ್‌ವರ್ಡ್ ತಾನೇ ಹಾಕಿ, ವೇಗ ಅಳೆಯುವ ಆ್ಯಪ್ ತೆರೆದು ತೋರಿಸಿದ. 18 ಎಂಬಿಪಿಎಸ್ ಬಂತು. ಮಗಳು ಜಗಲಿಯಲ್ಲಿ ಕುಳಿತೇ ಗೆಳತಿಗೆ ವಿಡಿಯೊ ಕರೆ ಮಾಡಿ ಮಗುವನ್ನು ತೋರಿಸಿದಳು. ನಮ್ಮ ಮನೆಯಲ್ಲಿ ಎಲ್ಲರ ಮುಖವೂ ಅರಳಿತ್ತು. ಅಲ್ಲೇ ಫೋನ್‌ಪೇಯಲ್ಲಿ ಪೂರ್ತಿ ಹಣ ಹಾಕಿದೆ. ಹಣ ಹೋದ ಖಾತೆ ಅವನ ಹೆಸರಿನಲ್ಲಿರಲಿಲ್ಲ. ‘ಅದು ಮನೆಯವರ ಅಕೌಂಟು ಅಣ್ಣಾ, ಬಿಲ್ ಅಂಗಡಿಯಿಂದ ಕಳಿಸ್ತೀನಿ’ ಎಂದ. ಆ ಬಿಲ್ ಇವತ್ತಿಗೂ ಬಂದಿಲ್ಲ. ‘ಅನ್‌ಲಿಮಿಟೆಡ್ ಸಿಮ್’ ಎಂದು ಒಂದು ಸಿಮ್ಮನ್ನೂ ತಾನೇ ಹಾಕಿಕೊಟ್ಟ. ಆಂಟೆನಾವನ್ನು ಜಿಐ ಪೈಪಿಗೆ ಕಟ್ಟಿ ಮಾಡಿನ ಮೇಲೆ ನಿಲ್ಲಿಸಿ ಹೊರಟರು.

ಅವರು ಹೋದ ಸಂಜೆಯೇ ನೆಟ್ ನಿಂತಿತು. ನಿಂತಿತು ಎನ್ನುವುದಕ್ಕಿಂತ ತೆವಳತೊಡಗಿತು ಎನ್ನಬೇಕು. ಒಂದು ಎಂಬಿಪಿಎಸ್ಸನ್ನೂ ಅದು ದಾಟಲಿಲ್ಲ.

ಫೋನ್ ಮಾಡಿದರೆ ಮೊದಲು ಸಮಾಧಾನದ ಮಾತು. ‘ಹೊಸದಾಗಿ ಹಾಕಿದ್ದಲ್ವಾ ಅಣ್ಣಾ, ಟವರ್‌ಗೆ ಹೊಂದಿಕೊಳ್ಳೋಕೆ ಟೈಮ್ ಬೇಕು.’ ನಂತರ ‘ಮಳೆ ಬಂದು ಮರದ ಎಲೆ ಒದ್ದೆ ಆಗಿದೆ, ಅದಕ್ಕೆ.’ ಮಳೆ ಬಿಟ್ಟ ಮೇಲೆ ‘ಕಂಪನಿ ಟವರ್ ಪ್ರಾಬ್ಲಂ, ನಾನೇನು ಮಾಡ್ಲಿ?’ ಆಮೇಲಾಮೇಲೆ ಫೋನ್ ಎತ್ತುವುದನ್ನೇ ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸತೊಡಗಿದ. ರೂಟರ್ ಒಳಗಿನ ವಿವರ ನೋಡಬೇಕು, ಅದರ ಪಾಸ್‌ವರ್ಡ್ ಕೊಡು ಎಂದು ಕೇಳಿದರೆ, ‘ಅದು ಕಂಪನಿಯದ್ದು, ಕಸ್ಟಮರಿಗೆ ಕೊಡೋ ಹಾಗಿಲ್ಲ’ ಎಂದ. ಆ ಪಾಸ್‌ವರ್ಡ್ ರೂಟರಿನ ಅಡಿಯ ಚೀಟಿಯಲ್ಲೇ ಅಚ್ಚಾಗಿತ್ತು. ಚೀಟಿಯ ಮೇಲೆ ಅವನು ತನ್ನ ಅಂಗಡಿಯ ಸ್ಟಿಕರ್ ಅಂಟಿಸಿದ್ದ.

ಪಕ್ಕದ ಮನೆಯ ಹುಡುಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಅವನು ಸ್ಟಿಕರ್ ಕಿತ್ತು, ರೂಟರಿನ ಒಳಪುಟ ತೆರೆದು, ಸಿಗ್ನಲ್ಲಿನ ಬಲ ತೋರಿಸುವ ಅಂಕಿಯನ್ನು ನನಗೆ ತೋರಿಸಿದ. ಡಿಬಿಎಂ ಎಂಬ ಲೆಕ್ಕದಲ್ಲಿ ಅದು ಇರುತ್ತದೆ. ಮೈನಸ್ 80ರ ಆಸುಪಾಸು ಇದ್ದರೆ ಉತ್ತಮ, ಮೈನಸ್ 110ಕ್ಕಿಂತ ಕೆಳಗಿಳಿದರೆ ಕಷ್ಟ. ನಮ್ಮದು ಮೈನಸ್ 112 ಇತ್ತು. ಅವನು ಆ ಅಂಕಿಯನ್ನು ನೋಡುತ್ತಲೇ ಇರಲು ನನಗೆ ಹೇಳಿ, ಹಿಂಬದಿಯಿಂದ ಆಂಟೆನಾದ ವೈರನ್ನು ಬಿಚ್ಚಿದ. ಅಂಕಿ ಅಲುಗಲಿಲ್ಲ. ಮತ್ತೆ ತಿರುಪಿದ. ಮೈನಸ್ 112. ಮತ್ತೆ ಬಿಚ್ಚಿದ. ಮೈನಸ್ 112. ಮಾಡಿನ ಮೇಲೆ ಪೈಪು ನಿಲ್ಲಿಸಿ, ಹೆಂಚು ಸರಿಸಿ, ಗೋಡೆ ಕೊರೆದು ಎಳೆದು ತಂದ ವೈರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪೆಟ್ಟಿಗೆಯ ಮುಚ್ಚಳ ತೆಗೆದಾಗ ಕಾರಣ ಕಂಡಿತು: ವೈರು ತಿರುಪುವ ಆ ಹಿತ್ತಾಳೆಯ ತಿರುಪು ಬರೀ ಪ್ಲಾಸ್ಟಿಕ್ಕಿಗೆ ಅಂಟಿಸಿದ್ದು, ಅದರಿಂದ ಒಳಗಿನ ಸರ್ಕ್ಯೂಟಿಗೆ ಒಂದು ಎಳೆ ತಂತಿಯೂ ಹೋಗಿರಲಿಲ್ಲ. ಮಗಳು ಏನೂ ಮಾತನಾಡದೆ ಎದ್ದು ಒಳಗೆ ಹೋದಳು. ಆ ಹೊತ್ತಿನಲ್ಲಿ ನನಗಾದ ಅವಮಾನವನ್ನು ಬರೆದು ತಿಳಿಸಲಾರೆ.

ಹಾಗಾದರೆ ಅಂದು 18 ಎಂಬಿಪಿಎಸ್ ಬಂದದ್ದು ಎಲ್ಲಿಂದ? ಈ ಪ್ರಶ್ನೆ ಕೇಳಿದ್ದೂ ಆ ಹುಡುಗನೇ. ಅಂದು ನನ್ನ ಮೊಬೈಲಿನಲ್ಲಿ ತೆಗೆದಿದ್ದ ಸ್ಕ್ರೀನ್‌ಶಾಟ್ ಹಾಗೇ ಇತ್ತು. ವೇಗ ಅಳೆಯುವ ಆ್ಯಪ್‌ಗಳು ಫಲಿತಾಂಶದ ಕೆಳಗೆ ನೆಟ್ ಯಾವ ಕಂಪನಿಯದೆಂದೂ ತೋರಿಸುತ್ತವೆ. ಅಲ್ಲಿ ಬಿಎಸ್‌ಎನ್‌ಎಲ್ ಎಂದಿತ್ತು. ರೂಟರಿನೊಳಗಿದ್ದ ಸಿಮ್ ಬೇರೆ ಕಂಪನಿಯದು. ಅಂದರೆ ನನ್ನ ಮೊಬೈಲು ಅಂದು ಜಗಲಿಯ ಮೇಲಿದ್ದ ರೂಟರಿಗೆ ಸೇರಿರಲೇ ಇಲ್ಲ. ಮಾಡಿನ ಮೇಲೆ ಕುಳಿತಿದ್ದ ಸಹಾಯಕನ ಜೇಬಿನ ಮೊಬೈಲಿನಲ್ಲಿ, ರೂಟರಿನದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು ಹಾಟ್‌ಸ್ಪಾಟ್ ಹಾಕಿದ್ದರು. ನಾವು ನೋಡಿದ್ದು, ನಂಬಿದ್ದು, ಮಗಳು ಮಗುವನ್ನು ತೋರಿಸಿದ್ದು ಆ ಹಾಟ್‌ಸ್ಪಾಟಿನಿಂದ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಇದು. ಸಿಗ್ನಲ್ ಇಲ್ಲದ ಊರುಗಳಿಗೆ 4ಜಿ ಕೊಡಲು ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತ್ತು. 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ ಗೋಪುರ ನಿಲ್ಲಿಸುವ ಯೋಜನೆ ಅದು. ಗುಡ್ಡದಾಚೆ ಅಂಥದೊಂದು ಗೋಪುರ ಈಚೆಗೆ ಚಾಲೂ ಆಗಿದ್ದು ನಮಗೆ ತಿಳಿದಿರಲಿಲ್ಲ. ನಮ್ಮ ಮನೆಯ ಸಿಮ್ಮುಗಳೆಲ್ಲ ಬೇರೆ ಕಂಪನಿಯವು. ಆಂಟೆನಾ ಹಾಕಿದವನಿಗೆ ತಿಳಿದಿತ್ತು. ಅಟ್ಟದಲ್ಲಿ ಒಂದು ಹಳೆಯ 4ಜಿ ಮೊಬೈಲು, ಅದರಲ್ಲೊಂದು ಬಿಎಸ್‌ಎನ್‌ಎಲ್ ಸಿಮ್ ಇಟ್ಟರೆ ಈ ಮನೆಯ ಕಷ್ಟ ತೀರುತ್ತದೆಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ಅದನ್ನೇ ಹೇಳಿ ಸಾವಿರ ರೂಪಾಯಿ ಕೇಳಿದ್ದರೆ ಕೈ ಮುಗಿದು ಕೊಡುತ್ತಿದ್ದೆ. ತಿಳಿದೂ ಹೇಳದೆ, ಆ ತಿಳಿವಳಿಕೆಯನ್ನೇ ನಮಗೆ ಮೋಸ ಮಾಡಲು ಬಳಸಿದ.

ಇದನ್ನೆಲ್ಲ ಹೇಳಿದಾಗ ಅವನು ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ. ‘ನೋಡ್ರಿ, ಬಾಕ್ಸ್ ಬಿಚ್ಚಿದ್ದೀರಿ ಅಂದ್ಮೇಲೆ ವಾರಂಟಿ ಹೋಯ್ತು. ಇನ್ನು ನನಗೆ ಸಂಬಂಧ ಇಲ್ಲ.’ ಸ್ಕ್ರೀನ್‌ಶಾಟ್ ಕಳಿಸಿದರೆ, ‘ಅದೆಲ್ಲ ಆ್ಯಪ್ ತಪ್ಪು ತೋರಿಸುತ್ತೆ.’ ಸಿಮ್ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ, ‘ನಿಮಗೆ ಹೆಸರು ಯಾಕ್ರೀ? ನೆಟ್ ಬಂದ್ರೆ ಸಾಕಲ್ವಾ?’ ನೆಟ್ ಬರುತ್ತಿರಲಿಲ್ಲವೆಂಬುದೇ ನನ್ನ ದೂರು! ಆ ಸಿಮ್ ನನಗೆ ಗೊತ್ತಿಲ್ಲದ ಯಾರದೋ ಹೆಸರಿನಲ್ಲಿತ್ತು, ಅದರ ‘ಅನ್‌ಲಿಮಿಟೆಡ್’ ಎಂಬುದು ದಿನಕ್ಕೆ 2 ಜಿಬಿಯ ಸಾಮಾನ್ಯ ಪ್ಯಾಕ್, ಅದು ಮುಗಿದ ಮೇಲೆ ವೇಗ ಬರೀ 64 ಕೆಬಿಪಿಎಸ್, ಒಂದು ಎಂಬಿಪಿಎಸ್ಸಿನ ಹತ್ತನೇ ಒಂದು ಪಾಲೂ ಅಲ್ಲ. ವಿಡಿಯೊ ಸಭೆಗೆ ಕುಳಿತರೆ ಮಧ್ಯಾಹ್ನದೊಳಗೆ ಮುಗಿದುಹೋಗುವಷ್ಟು ಡೇಟಾ ಅದು. ಬೇರೆಯವರ ಹೆಸರಿನ ಸಿಮ್ ಮನೆಯಲ್ಲಿಟ್ಟುಕೊಂಡು ನಾಳೆ ಪೊಲೀಸರು ಬಂದರೆ ಉತ್ತರ ಹೇಳಬೇಕಾದವರು ನಾವು.

ಇಷ್ಟಾದ ಮೇಲೂ ಅವನು ಇನ್ನೊಂದು ಮಾತು ಹೇಳಿದ. ‘ಎಂಟು ಸಾವಿರ ಹಾಕಿ, ಬೂಸ್ಟರ್ ಕೂರಿಸ್ತೀನಿ, ಫುಲ್ ಸಿಗ್ನಲ್ ಗ್ಯಾರಂಟಿ.’ ಪರವಾನಗಿಯಿಲ್ಲದೆ ಮೊಬೈಲ್ ಸಿಗ್ನಲ್ ಬೂಸ್ಟರ್ ಇಟ್ಟುಕೊಳ್ಳುವುದಾಗಲಿ ಮಾರುವುದಾಗಲಿ ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ ಮತ್ತೆ ಮತ್ತೆ ಹೇಳಿದೆ. ಅದು ಸುತ್ತಲಿನ ಗೋಪುರಕ್ಕೇ ತೊಂದರೆ ಕೊಟ್ಟು ನೆರೆಹೊರೆಯವರ ಫೋನನ್ನೂ ಕೆಡಿಸಬಲ್ಲದು. ಅಂಥದನ್ನು ನನ್ನ ಮನೆಯಲ್ಲಿ ಹಾಕಿ, ಸಿಕ್ಕಿಬಿದ್ದಾಗ ನನ್ನನ್ನು ಮುಂದೆ ಮಾಡುವ ಯೋಚನೆ ಅವನದು.

ಮನೆಗೆ ಹೀಗೆ ನೆಟ್ ತರಿಸಿಕೊಳ್ಳಲು ಹೊರಟವರಿಗೆ ನಾನು ಕಲಿತ ಒಂದೆರಡು ಸಂಗತಿ ಹೇಳುತ್ತೇನೆ. ಆಂಟೆನಾ ನಿಜವಾದದ್ದೇ ಆಗಿದ್ದರೂ ಅಂಥ ತೆಳು ವೈರಿನಲ್ಲಿ 1800 ಮೆಗಾಹರ್ಟ್ಸಿನ 4ಜಿ ಸಿಗ್ನಲ್ ಮೀಟರಿಗೆ ಸುಮಾರು 1 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಹತ್ತು ಮೀಟರ್ ಎಳೆದರೆ ಕಳೆಯುವುದು 10 ಡೆಸಿಬೆಲ್, ಅಂದರೆ ಕೆಳಗೆ ಮುಟ್ಟುವುದು ಹತ್ತರಲ್ಲಿ ಒಂದು ಪಾಲು. ಆದ್ದರಿಂದ ಸಿಗ್ನಲನ್ನು ಕೆಳಗಿಳಿಸುವ ಬದಲು ಮೊಬೈಲನ್ನೋ ರೂಟರನ್ನೋ ಅಟ್ಟಕ್ಕೇರಿಸಿ. ರೂಟರಾದರೆ ಅಲ್ಲಿಂದ ಕೆಳಗೆ ಲ್ಯಾನ್ ಕೇಬಲ್ ಎಳೆಯಿರಿ, ಅದು 100 ಮೀಟರಿನವರೆಗೆ ತೊಂದರೆ ಕೊಡುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟನ್ನೇ ನೆಚ್ಚಿಕೊಳ್ಳುವವರು ಅದನ್ನು 2.4 ಗಿಗಾಹರ್ಟ್ಸಿಗೆ ಇಡಿ, ಮಣ್ಣಿನ ಗೋಡೆ ದಾಟಲು ಅದು ಮೇಲು. ಹೆಂಚಿನ ಕೆಳಗೆ ಬೇಸಿಗೆಯಲ್ಲಿ ಸದಾ ಚಾರ್ಜಿಗಿಟ್ಟ ಮೊಬೈಲಿನ ಬ್ಯಾಟರಿ ಉಬ್ಬುತ್ತದೆ, ಗಮನವಿರಲಿ. ರೂಟರ್ ಕೊಳ್ಳುವುದಾದರೆ ಅದಕ್ಕೆ ಬ್ಯಾಂಡ್ 28 ಇದೆಯೇ ಎಂದು ಕೇಳಿ. ಬಿಎಸ್‌ಎನ್‌ಎಲ್‌ನ 700 ಮೆಗಾಹರ್ಟ್ಸ್ 4ಜಿ ಹಿಡಿಯಲು ಅದು ಬೇಕು, ಇವನು ಕೊಟ್ಟ ಪೆಟ್ಟಿಗೆಗೆ ಅದೂ ಇರಲಿಲ್ಲ. ಮಾಡಿನ ಮೇಲೆ ಅವನು ನಿಲ್ಲಿಸಿದ್ದ ಪೈಪಿಗೆ ಅರ್ಥಿಂಗ್ ಕೂಡ ಕೊಟ್ಟಿರಲಿಲ್ಲ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಸಿಡಿಲು ಎಂಥದೆಂದು ತಿಳಿದೂ, ಹಸುಗೂಸು ಮಲಗುವ ಮನೆಯ ಮೇಲೆ ಹಾಗೆ ಮಾಡಿ ಹೋಗಿದ್ದ. ಅದನ್ನು ಕಿತ್ತು ಹಾಕಿದ್ದೇನೆ. ಮಗಳು ಈಗ ಅಟ್ಟದ ಹಳೆಯ ಮೊಬೈಲಿನಿಂದಲೇ ಕೆಲಸ ಮಾಡುತ್ತಿದ್ದಾಳೆ.

ಹಣ ಕೊಡುವ ಮುನ್ನ ನಿಮ್ಮ ಹೆಸರಿನ ಸಿಮ್ಮನ್ನೇ ಹಾಕಿಸಿ, ಬಂದವರ ಮೊಬೈಲುಗಳನ್ನೆಲ್ಲ ಆಫ್ ಮಾಡಿಸಿ, ಆಮೇಲೆ ವೇಗ ನೋಡಿ. ಆಂಟೆನಾ ಬಿಚ್ಚಿ ಅಂಕಿ ಬದಲಾಗುವುದನ್ನು ಕಣ್ಣಾರೆ ಕಾಣಿರಿ. ಇದಕ್ಕೆ ಒಪ್ಪದವನನ್ನು ಅಂಗಳದಿಂದಲೇ ಕಳಿಸಿ. ಬಿಲ್ ಕೊಡದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಬಿಲ್ ಇಲ್ಲದ ಕಾರಣ ನನ್ನ ಬಳಿ ಇರುವುದು ಹಣ ಕಳಿಸಿದ ದಾಖಲೆ, ಆ ಸ್ಕ್ರೀನ್‌ಶಾಟ್ ಮತ್ತು ಅವನ ಧ್ವನಿ ಸಂದೇಶಗಳು ಮಾತ್ರ. ನಿಮ್ಮ ಮಾಡಿನ ಮೇಲೂ ಇಂಥದೇ ಹಲಗೆ ಆಂಟೆನಾ ನಿಂತಿದ್ದರೆ, ಇಂದೇ ವೈರು ಬಿಚ್ಚಿ ಅಂಕಿ ನೋಡಿ, ಬಿಚ್ಚುವ ಮೊದಲು ಮತ್ತು ಆಮೇಲೆ ಎರಡರದೂ ಫೋಟೊ ತೆಗೆದಿಟ್ಟುಕೊಂಡು ನನಗೆ ತಿಳಿಸಿ. ಒಬ್ಬನೇ ಕೊಟ್ಟ ದೂರನ್ನು ಅವನು ‘ಬಾಕ್ಸ್ ಬಿಚ್ಚಿದ್ದೀರಿ’ ಎಂದು ತಳ್ಳಿಹಾಕಬಹುದು, ಹಲವು ಮನೆಗಳ ದೂರನ್ನು ಹಾಗೆ ತಳ್ಳಿಹಾಕಲಾಗದು.