ಡೊಂಬಿವಲಿಯ ಅಟೆಂಡೆಂಟ್ ಬ್ಯೂರೋ: ಕೆಲಸ ಒಳ್ಳೇದು, ಖರ್ಚು ಪೂರ್ತಿ ನಮ್ಮ ತಲೆ ಮೇಲೆ

ಅತ್ತೆಗೆ ಸ್ಟ್ರೋಕ್ ಆಗಿ ಎಡಗಡೆ ಸ್ವಾಧೀನ ಹೋದ್ಮೇಲೆ ಮುಂಬೈ ಹತ್ತಿರದ ಡೊಂಬಿವಲಿ ಈಸ್ಟ್‌ನ ಒಂದು ಬ್ಯೂರೋದಿಂದ ಹಗಲು ಡ್ಯೂಟಿಗೆ ಮಾವ್ಶಿ (ರೋಗಿ ನೋಡ್ಕೊಳ್ಳೋ ಹೆಂಗಸಿಗೆ ಇಲ್ಲಿ ಹಾಗನ್ನೋದು) ಇಟ್ಕೊಂಡಿದೀವಿ, ಕೇಳೋರು ತುಂಬಾ ಜನ ಇರೋದ್ರಿಂದ ಬರೀತಿದೀನಿ. 12 ತಾಸಿಗೆ 850 ರೂಪಾಯಿ, ಶುರುನಲ್ಲಿ ರಿಜಿಸ್ಟ್ರೇಷನ್ ಅಂತ 2,000 ಬೇರೆ. ಆಧಾರ್ ಕಾಪಿ, ಪೊಲೀಸ್ ವೆರಿಫಿಕೇಶನ್ ಎರಡೂ ಕೇಳಿದ ತಕ್ಷಣ ಕೊಟ್ರು.

ಮಾವ್ಶಿ ಕೆಲಸದ ಬಗ್ಗೆ ಎರಡು ಮಾತಿಲ್ಲ. ಎರಡೆರಡು ತಾಸಿಗೆ ಮಗ್ಗುಲು ಬದಲಿಸ್ತಾರೆ, ಮೊಣಕಾಲ ನಡುವೆ ದಿಂಬು ಇಡ್ತಾರೆ, ಮೊಬೈಲ್ ಟಾರ್ಚ್ ಹಾಕಿ ಬೆನ್ನು, ಸೊಂಟ ಎಲ್ಲಾದ್ರೂ ಕೆಂಪಗಾಗಿದ್ಯಾ ನೋಡ್ತಾರೆ. ಗಂಜಿ ಕುಡಿಸುವಾಗ ನೆಟ್ಟಗೆ ಕೂರಿಸಿ ಅರ್ಧ ಚಮಚ ಕೊಟ್ಟು, ನುಂಗಿದ್ರಾ ಅಂತ ಗಂಟಲು ನೋಡಿ ಆಮೇಲೇ ಮುಂದಿನ ಚಮಚ. ಇಷ್ಟು ತಾಳ್ಮೆ ನನಗೂ ಇಲ್ಲ. ಅತ್ತೆಗೆ ಮರಾಠಿ ಅಷ್ಟಾಗಿ ಬರಲ್ಲ, ಆದ್ರೂ ಇಬ್ರಿಗೂ ಹೊಂದ್ಕೊಂಡಿದೆ.

ಬ್ಯೂರೋ ಮೇಲೆ ಸಿಟ್ಟು ಬಂದಿದ್ದು ಗಣಪತಿ ಹಬ್ಬದಲ್ಲಿ, ಮಾವ್ಶಿ ಊರಿಗೆ ಹೋದಾಗ ಕಳಿಸಿದ ಬದಲಿ ಹುಡುಗಿಗೆ ಹಾಸಿಗೆಯಿಂದ ವೀಲ್‌ಚೇರ್‌ಗೆ ಎತ್ತಿ ಕೂರಿಸೋದೇ ಗೊತ್ತಿರಲಿಲ್ಲ. ಫೋನ್ ಮಾಡಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರು. ಹಾಸಿಗೆ ಹಿಡಿದ ಮನುಷ್ಯರ ವಿಷಯದಲ್ಲಿ ಎಂಥ ಅಡ್ಜಸ್ಟು?

ಇನ್ನು ದುಡ್ಡು. ತಿಂಗಳಿಗೆ 25 ಸಾವಿರದ ಮೇಲೆ ಹೋಗತ್ತೆ, ಡೈಪರ್, ಏರ್ ಬೆಡ್ ಬಿಟ್ಟು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ಸರ್ಕಾರದಿಂದ ಏನಾದ್ರೂ ಸಿಗತ್ತೆ ಅಂತ ಎಲ್ಲರೂ ಹೇಳಿದ್ರು, ಆಂಬುಲೆನ್ಸಲ್ಲಿ ಕರ್ಕೊಂಡು ಹೋಗಿ ಮಾಡಿಸಿದ್ವಿ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪೆನ್ಶನ್ ಬಿಪಿಎಲ್‌ನವರಿಗೆ ಮಾತ್ರ, ಅದೂ ಕೇಂದ್ರ ಕೊಡೋದು ತಿಂಗಳಿಗೆ 300, 80 ವರ್ಷ ತುಂಬಿದ್ರೆ 500, ಮಾವ್ಶಿಯ ಒಂದು ದಿನದ ಡ್ಯೂಟಿಗೂ ಸಾಲಲ್ಲ. 70 ತುಂಬಿದವರಿಗೆ ಆಯುಷ್ಮಾನ್‌ನಲ್ಲಿ 5 ಲಕ್ಷ ಇದೆ ನಿಜ, ಆದ್ರೆ ಅದು ಆಸ್ಪತ್ರೆಗೆ ಅಡ್ಮಿಟ್ ಆದ್ರೆ, ಮನೆ ಆರೈಕೆಗಲ್ಲ. 80 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರೋರನ್ನ ನೋಡ್ಕೊಳ್ಳೋ ಮನೆಯವರಿಗೆ ಇನ್‌ಕಮ್ ಟ್ಯಾಕ್ಸಲ್ಲಿ 1,25,000 ಡಿಡಕ್ಷನ್ ಸಿಗತ್ತೆ, ಅದು ಹಳೇ ಟ್ಯಾಕ್ಸ್ ರೆಜೀಮಲ್ಲಿ ಇದ್ದೋರಿಗೆ, ಟ್ಯಾಕ್ಸ್ ಕಟ್ಟೋರೇ ಇಲ್ಲದ ಮನೆಗೆ ಅದ್ರಿಂದ ಏನು ಬಂತು? ನಮ್ಮ ಚಾಳಿನ (ವಠಾರದ) ಕುಂದಾಪುರದ ಅಜ್ಜ ಆಯುಷ್ಯವಿಡೀ ಹೋಟೆಲಲ್ಲಿ ದುಡಿದೋರು, ಈಗ ಪಾರ್ಕಿನ್ಸನ್, ರೇಷನ್ ಕಾರ್ಡ್ ಹಳದಿ ಅಲ್ಲ ಕೇಸರಿ, ಅಂದ್ರೆ ಬಿಪಿಎಲ್ ಅಲ್ಲ. ಅಟೆಂಡೆಂಟ್ ಇಡೋ ಶಕ್ತಿ ಇಲ್ಲ, 70 ದಾಟಿದ ಅಜ್ಜಿಯೇ ಎತ್ತಿ ಕೂರಿಸ್ತಾರೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಲ್ಲೇ ಹೆಚ್ಚು ಆಸರೆ ಬೇಕಾದವರಿಗೆ ಕೇರ್‌ಗಿವರ್ ಭತ್ಯೆ ಅಂತ ಬರೆದಿದೆ. ಕಾರ್ಡಿನ ಬಣ್ಣ ನೋಡೋದು ಬಿಟ್ಟು ಊಟ, ಸ್ನಾನ, ಟಾಯ್ಲೆಟ್‌ಗೆ ದಿನಕ್ಕೆ ಎಷ್ಟು ತಾಸು ಇನ್ನೊಬ್ಬರ ಕೈ ಬೇಕು ಅಂತ ಅಳೆದು ಆ ಭತ್ಯೆ ಕೊಡ್ಲಿ, ಅಜ್ಜಿ ಕೈಗೇ ಕೊಟ್ರೂ ಸರಿ.

ಬ್ಯೂರೋಗೆ ನನ್ನ ಕಡೆಯಿಂದ ನಾಲ್ಕು ಸ್ಟಾರ್, ಅದೂ ಮಾವ್ಶಿಯಿಂದ. ಈ ಬ್ಯೂರೋಗೆ ಹೋಗೋರು, ಮಾವ್ಶಿ ರಜೆ ಹಾಕಿದ್ರೆ ಬದಲಿಗೆ ಯಾರು ಬರ್ತಾರೆ, ಅವರಿಗೆ ಪೇಷಂಟ್ ಎತ್ತೋಕೆ ಬರತ್ತಾ ಅಂತ ಅಡ್ವಾನ್ಸ್ ಕೊಡೋ ಮೊದಲೇ ಕೇಳಿ ಬರೆಸ್ಕೊಳ್ಳಿ.